‘ಡೇಟಾ’ ಎಂದರೆ ಕೊಟ್ಟದ್ದು. ಕೊಟ್ಟವರು ಯಾರು?

ಹೋದ ತಿಂಗಳು ಒಂದು ಬಟ್ಟೆ ಅಂಗಡಿಯಲ್ಲಿ ಮಗಳಿಗೆ ಎರಡು ಚೂಡಿದಾರ್ ತಗೊಂಡು ಬಿಲ್ಲಿಗೆ ನಿಂತಿದ್ದೆ. ನನ್ನ ಮುಂದೆ ಒಬ್ಬ ಅಜ್ಜಿ. ಕೌಂಟರಿನ ಹುಡುಗಿ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು, “ಮೊಬೈಲ್ ನಂಬರ್ ಹೇಳಿ ಅಮ್ಮ.” ಅಜ್ಜಿ, “ಯಾಕಮ್ಮ, ದುಡ್ಡು ಕೊಡ್ತಿದೀನಲ್ಲ?” ಎಂದರು. “ನಂಬರ್ ಹಾಕ್ದೆ ಬಿಲ್ ಬರಲ್ಲಮ್ಮ, ಸಿಸ್ಟಮ್ ತಗೊಳಲ್ಲ.” ಅಜ್ಜಿಗೆ ನಂಬರ್ ಬಾಯಿಗೆ ಬರುತ್ತಿರಲಿಲ್ಲ. ಚೀಲದಿಂದ ಪುಟ್ಟ ಡೈರಿ ತೆಗೆದರು. ಮೊದಲ ಪುಟದಲ್ಲಿ ಯಾರೋ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದ ಹತ್ತು ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದರು. ಹುಡುಗಿ ಒಂದೊಂದಾಗಿ ಒತ್ತಿಕೊಂಡಳು.

ಆ ಹತ್ತು ಅಂಕಿಗೆ ಅಂಗಡಿಯ ಕಂಪ್ಯೂಟರಿನಲ್ಲಿ ಸಿಗುವ ಹೆಸರು ಡೇಟಾ. ಲ್ಯಾಟಿನ್ ಪದ. ಅದರ ನೇರ ಅರ್ಥ ‘ಕೊಟ್ಟವು’. ಅಜ್ಜಿ ನಂಬರ್ ಕೊಟ್ಟರೋ, ಅವರಿಂದ ತಗೊಂಡರೋ? ಮನೆಗೆ ಬಂದ ಮೇಲೂ ಈ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ದೇಶದಲ್ಲಿ ಡೇಟಾ ರಕ್ಷಣೆಯ ಕಾನೂನು ಹಂತಹಂತವಾಗಿ ಜಾರಿಗೆ ಬರುತ್ತಿದೆ. ಆ ಕಾನೂನಿನ ಜಗಳವೆಲ್ಲ ಈ ಒಂದು ಪದದ ವ್ಯಾಕರಣದೊಳಗೇ ಇದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಬಿಡಿಸಿ ನೋಡೋಣ.

ಲ್ಯಾಟಿನ್ ಕಲಿಯುವವರು ಪ್ರತಿ ಕ್ರಿಯಾಪದವನ್ನೂ ನಾಲ್ಕು ರೂಪಗಳಲ್ಲಿ ಬಾಯಿಪಾಠ ಮಾಡುತ್ತಾರೆ. ‘ಕೊಡು’ ಎಂಬ ಕ್ರಿಯಾಪದಕ್ಕೆ ಆ ನಾಲ್ಕು ಹೀಗಿವೆ: ದೋ, ದರೆ, ದೆದೀ, ದತುಮ್. ‘ಕೊಡುತ್ತೇನೆ, ಕೊಡುವುದು, ಕೊಟ್ಟೆ’ ಇವು ಮೊದಲ ಮೂರು. ‘ಕೊಟ್ಟದ್ದು’ ಎಂಬ ಅರ್ಥದ ರೂಪ ಹುಟ್ಟುವುದು ನಾಲ್ಕನೆಯದರಿಂದ. ಅದಕ್ಕೆ ಮೂರು ಲಿಂಗ. ಪುಲ್ಲಿಂಗದಲ್ಲಿ ದತುಸ್, ಸ್ತ್ರೀಲಿಂಗದಲ್ಲಿ ದತ, ನಪುಂಸಕದಲ್ಲಿ ದತುಮ್. ನಪುಂಸಕದ ಬಹುವಚನ ಮತ್ತೆ ದತ. ಈ ಕೊನೆಯದೇ ನಮ್ಮ ಡೇಟಾ. ಒಂದೇ ಒಂದು ಮಾಹಿತಿ ಇದ್ದರೆ ದತುಮ್, ಹಲವು ಇದ್ದರೆ ದತ. ವಿಭಕ್ತಿ ಹಚ್ಚಿದರೆ ‘ಒಂದರ’ ಎನ್ನಲು ದತೀ, ‘ಹಲವುಗಳ’ ಎನ್ನಲು ದತೋರುಮ್, ‘ಹಲವಕ್ಕೆ’ ಎನ್ನಲು ದತೀಸ್.

ಇಂಗ್ಲಿಷಿನವರ ಬಾಯಲ್ಲಿ ಇದು ‘ಡೇಟಾ’ ಆಯಿತು. ಆದರೆ ರೋಮನರ ದ ಮತ್ತು ತ ನಮ್ಮವುಗಳ ಹಾಗೆಯೇ, ನಾಲಿಗೆ ಹಲ್ಲಿಗೆ ತಾಗಿ ಹುಟ್ಟುವ ಅಕ್ಷರಗಳು. ಸ್ವರಗಳೂ ಹ್ರಸ್ವ. ‘ದತುಮ್’ ಎಂದು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಆಮೇಲೆ ‘ದತ್ತಮ್’ ಎನ್ನಿ. ಕಿವಿಗೆ ಎಷ್ಟು ಹತ್ತಿರ ಅಲ್ವಾ?

ಈ ಹತ್ತಿರ ಆಕಸ್ಮಿಕವಲ್ಲ. ಲ್ಯಾಟಿನ್ನಿನ ದ, ಸಂಸ್ಕೃತದ ದಾ, ಗ್ರೀಕಿನ ದಿದೋಮಿ, ಮೂರೂ ಒಂದೇ ಹಳೆಯ ಬೇರಿನಿಂದ ಒಡೆದವು. ‘ಆದದ್ದು’ ಎಂಬ ಅರ್ಥ ಕೊಡುವ ‘ತ’ ಪ್ರತ್ಯಯವೂ ಒಂದೇ. ಲ್ಯಾಟಿನ್ ‘ದ’ಕ್ಕೆ ನೇರವಾಗಿ ಅದನ್ನು ಹಚ್ಚಿತು. ಸಂಸ್ಕೃತ ‘ದಾ’ವನ್ನು ‘ದದ್’ ಮಾಡಿಕೊಂಡು ಹಚ್ಚಿತು, ಹಾಗಾಗಿ ದತ್ತ. ಪಾಣಿನಿ ಇದಕ್ಕೆ ಬೇರೆಯೇ ಸೂತ್ರ ಬರೆದಿದ್ದಾನೆ. ಲ್ಯಾಟಿನ್ ಸಂಸ್ಕೃತದಿಂದಲೇ ಹುಟ್ಟಿತು ಎಂಬ ಮಾತು ವಾಟ್ಸಾಪಿನಲ್ಲಿ ಜಾಸ್ತಿ ಓಡಾಡುತ್ತದೆ. ಅದು ತಪ್ಪು. ಇವು ಅಕ್ಕತಂಗಿಯರು, ತಾಯಿ ಮಗಳಲ್ಲ.

ಹೀಗಾಗಿ ನಾವು ಡೇಟಾಗೆ ‘ದತ್ತಾಂಶ’ ಎಂದಾಗ ತುಂಬ ಸರಿಯಾದ ಕೆಲಸ ಮಾಡಿದೆವು. ಬೇರೆ ಭಾಷೆಗಳೂ ಇದೇ ದಾರಿ ಹಿಡಿದಿವೆ. ಫ್ರೆಂಚರ ‘ದೊನೆ’, ಡಚ್ಚರ ‘ಗೆಗೇವನ್ಸ್’, ರಷ್ಯನ್ನರ ‘ದಾನ್ನಿಯೆ’ ಎಲ್ಲದರ ಅರ್ಥವೂ ‘ಕೊಟ್ಟವು’ ಎಂದೇ. ನಮ್ಮಲ್ಲಿ ಈ ‘ದತ್ತ’ ಮನೆಮನೆಯ ಮಾತು. ಬೇರೆಯವರು ಕೊಟ್ಟ ಮಗುವನ್ನು ದತ್ತು ಎನ್ನುತ್ತೇವೆ. ದೇವಸ್ಥಾನಕ್ಕೆ ಬಿಟ್ಟದ್ದು ದತ್ತಿ. ಅತ್ರಿಗೆ ಮಗನಾಗಿ ತನ್ನನ್ನು ಕೊಟ್ಟುಕೊಂಡವನು ದತ್ತಾತ್ರೇಯ. ಸಂಸ್ಕೃತ ವ್ಯಾಕರಣದ ಉದಾಹರಣೆಗಳಲ್ಲಿ ಸದಾ ಬರುವ ದೇವದತ್ತನಿಗೆ ಲ್ಯಾಟಿನ್ನಿನಲ್ಲೂ ಒಬ್ಬ ಜೊತೆಗಾರ ಇದ್ದಾನೆ. ಸಂತ ಅಗಸ್ಟೀನನ ಮಗನ ಹೆಸರು ಅದೆಯೊದತುಸ್, ದೇವರು ಕೊಟ್ಟವನು ಎಂದು.

ನನಗೆ ಇದರಲ್ಲಿ ತುಂಬ ಇಷ್ಟವಾದದ್ದು ಕನ್ನಡ ಮಾಧ್ಯಮದ ರೇಖಾಗಣಿತದ ನೋಟ್ಸು. ಪ್ರಮೇಯ ಬರೆಯುವಾಗ ಎಡಗಡೆ ಮಾರ್ಜಿನ್ ಹತ್ತಿರ ‘ದತ್ತ’ ಎಂದು ಬರೆದು ಎರಡು ಚುಕ್ಕಿ ಇಡುತ್ತಿದ್ದೆವು. ಕೆಳಗೆ ‘ಸಾಧನೀಯ’, ಆಮೇಲೆ ‘ರಚನೆ’, ಆಮೇಲೆ ‘ಸಾಧನೆ’. ಯೂಕ್ಲಿಡ್ ಬರೆದ ಒಂದು ಪುಸ್ತಕದ ಹೆಸರೇ ಗ್ರೀಕಿನಲ್ಲಿ ‘ದೆದೊಮೆನ’, ಕೊಟ್ಟವು. ಲ್ಯಾಟಿನ್ನಿನಲ್ಲಿ ಅದನ್ನು ‘ದತ’ ಎಂದರು. ಹಳ್ಳಿಯ ಹೈಸ್ಕೂಲಿನಲ್ಲಿ ಕೂತು ನಾವು ಬರೆಯುತ್ತಿದ್ದ ದತ್ತವೂ ಕಂಪ್ಯೂಟರಿನ ಡೇಟಾವೂ ಒಂದೇ ಮನೆಯವು ಎಂದು ಆಗ ಯಾರೂ ಹೇಳಲಿಲ್ಲ.

ಗಣಿತದಲ್ಲಿ ‘ದತ್ತ’ ಎಂದರೆ ಇನ್ನು ಪ್ರಶ್ನೆ ಇಲ್ಲ ಎಂದರ್ಥ. ತ್ರಿಭುಜದ ಎರಡು ಬಾಹು ಸಮ ಎಂದು ಕೊಟ್ಟಿದ್ದರೆ ಮುಗಿಯಿತು. ಯಾರು ಕೊಟ್ಟರು, ಅವರಿಗೆ ಹೇಗೆ ಗೊತ್ತು ಎಂದು ಯಾರೂ ಕೇಳುವುದಿಲ್ಲ. 17ನೇ ಶತಮಾನದಲ್ಲಿ ಈ ಪದ ಇಂಗ್ಲಿಷಿಗೆ ಬಂದದ್ದು ಇದೇ ಅರ್ಥದಲ್ಲಿ: ವಾದಕ್ಕೆ ಮೊದಲೇ ಒಪ್ಪಿಕೊಂಡ ಸಂಗತಿಗಳು. ಆಮೇಲೆ ಅಳೆದು, ಎಣಿಸಿ, ನೋಡಿ ಗೊತ್ತುಮಾಡಿಕೊಂಡ ವಿಷಯಗಳಿಗೆ ಅದೇ ಹೆಸರಾಯಿತು. 1940ರ ದಶಕದಲ್ಲಿ ಕಂಪ್ಯೂಟರಿಗೆ ಅಂಟಿಕೊಂಡಿತು. ಈಗ ‘ಡೇಟಾ ಖಾಲಿ ಆಯ್ತು, ಪ್ಯಾಕ್ ಹಾಕಿಸ್ಬೇಕು’ ಎನ್ನುವವರೆಗೆ ಬಂದಿದೆ. ಅರ್ಥ ಇಷ್ಟು ದೂರ ನಡೆದರೂ ವ್ಯಾಕರಣ ಮಾತ್ರ ಅಲ್ಲೇ ನಿಂತಿದೆ. ರೂಪ ಇಂದಿಗೂ ‘ಕೊಟ್ಟವು’.

ಇದರ ಜೊತೆಗೆ ಹುಟ್ಟಿದ ಇನ್ನೊಂದು ಪದವನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಸ್ತ್ರೀಲಿಂಗದ ‘ದತ’ ಇದೆಯಲ್ಲ, ಅದನ್ನು ರೋಮನರು ಪತ್ರದ ಮೇಲೆ ಬರೆಯುತ್ತಿದ್ದರು. ‘ರೋಮಿನಲ್ಲಿ ಇಂಥ ದಿನ ಕೊಡಲಾದ ಪತ್ರ’ ಎಂಬ ಒಕ್ಕಣೆಯಲ್ಲಿ. ಅದೇ ಮುಂದೆ ತಾರೀಖಿಗೆ ಹೆಸರಾಗಿ, ಇಂಗ್ಲಿಷಿನ ‘ಡೇಟ್’ ಆಯಿತು. ಅರ್ಜಿಯ ಮೇಲೆ ಡೇಟ್ ಹಾಕುವಾಗ, ಫೋನಿಗೆ ಡೇಟಾ ಹಾಕಿಸುವಾಗ ನಾವು ಒಂದೇ ಪದದ ಎರಡು ಲಿಂಗಗಳನ್ನು ಬಳಸುತ್ತಿದ್ದೇವೆ.

ಡೇಟಾ ಏಕವಚನವೋ ಬಹುವಚನವೋ ಎಂದು ಇಂಗ್ಲಿಷ್ ಬಲ್ಲವರು ಬಹಳ ದಿನದಿಂದ ಕಾದಾಡುತ್ತಾರೆ. ಲ್ಯಾಟಿನ್ ಲೆಕ್ಕದಲ್ಲಿ ಅದು ಬಹುವಚನ. ಆದರೆ ಬಳಕೆಯಲ್ಲಿ ನೀರು, ಅಕ್ಕಿ ಇದ್ದ ಹಾಗೆ ರಾಶಿಯ ಪದವಾಗಿದೆ. ಅಜೆಂಡಾ ಕೂಡ ಹೀಗೇ. ‘ಮಾಡಬೇಕಾದವು’ ಎಂಬ ಬಹುವಚನ ಅದು, ಈಗ ಯಾರಿಗೂ ನೆನಪಿಲ್ಲ. ನನ್ನ ಮಟ್ಟಿಗೆ ಈ ಜಗಳದಲ್ಲಿ ಹುರುಳಿಲ್ಲ. ಹಳೆಯ ಗ್ರೀಕಿನಲ್ಲಿ ನಪುಂಸಕ ಬಹುವಚನಕ್ಕೆ ಏಕವಚನದ ಕ್ರಿಯಾಪದವೇ ಬರುತ್ತಿತ್ತು. ‘ಪ್ರಾಣಿಗಳು ಓಡುತ್ತದೆ’ ಎಂಬುದೇ ಅಲ್ಲಿ ಶುದ್ಧ ಪ್ರಯೋಗ. ನಪುಂಸಕ ಬಹುವಚನ ಮೂಲದಲ್ಲಿ ‘ಹಲವು’ ಎನ್ನುವುದಕ್ಕಿಂತ ‘ರಾಶಿ’ ಎಂಬ ಅರ್ಥ ಕೊಡುತ್ತಿದ್ದಿರಬೇಕು ಎಂಬುದು ಭಾಷಾವಿಜ್ಞಾನಿಗಳ ವಿವರಣೆ. ನಾವೂ ಮಾತಿನಲ್ಲಿ ‘ಎಲೆಗಳೆಲ್ಲ ಉದುರಿಹೋಯ್ತು’ ಎನ್ನುತ್ತೇವೆ. ಪುಸ್ತಕ ‘ಉದುರಿಹೋದವು’ ಎಂದು ತಿದ್ದುತ್ತದೆ, ಬಾಯಿ ಕೇಳುವುದಿಲ್ಲ.

ಏಕವಚನ ಬಹುವಚನಕ್ಕಿಂತ ನಾವು ತಲೆ ಕೆಡಿಸಿಕೊಳ್ಳಬೇಕಾದದ್ದು ಪ್ರಯೋಗದ ಬಗ್ಗೆ. ದತುಮ್ ಕರ್ಮಣಿ ರೂಪ. ‘ಕೊಡಲ್ಪಟ್ಟದ್ದು’. ಕರ್ಮಣಿ ಪ್ರಯೋಗಕ್ಕೆ ಒಂದು ಗುಣ ಇದೆ. ಮಾಡಿದವರನ್ನು ಹೇಳದೆಯೂ ವಾಕ್ಯ ಪೂರ್ತಿ ಆಗಿಬಿಡುತ್ತದೆ. ‘ಕಡತ ಮುಚ್ಚಲಾಗಿದೆ’, ‘ಅರ್ಜಿ ತಿರಸ್ಕರಿಸಲಾಗಿದೆ’ ಎನ್ನುವಾಗ ಮುಚ್ಚಿದವರೂ ಇಲ್ಲ, ತಿರಸ್ಕರಿಸಿದವರೂ ಇಲ್ಲ. ಡೇಟಾ ಎಂಬ ಪದದಲ್ಲೂ ಹಾಗೆ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾತಕ್ಕೆ ಕೊಟ್ಟರು, ಮೂರೂ ಕಾಣೆ. ಉಳಿಯುವುದು ಕೊಟ್ಟ ವಸ್ತು ಮಾತ್ರ.

ಈ ಕಾರಣಕ್ಕೇ ಕೆಲವು ವಿದ್ವಾಂಸರು ಈಚಿನ ವರ್ಷಗಳಲ್ಲಿ ಡೇಟಾ ಎನ್ನುವುದೇ ತಪ್ಪು, ‘ಕಪ್ತ’ ಎನ್ನಬೇಕು ಎಂದು ವಾದಿಸಿದ್ದಾರೆ. ಹಿಡಿ, ವಶಪಡಿಸಿಕೋ ಎಂಬ ಅರ್ಥದ ‘ಕಪೆರೆ’ ಎಂಬ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದು ಕಪ್ತ. ‘ತಗೊಂಡವು’. ಇಂಗ್ಲಿಷಿನ ‘ಕ್ಯಾಪ್ಚರ್’ ಅದರ ಮೊಮ್ಮಗಳು. ಫೋನು ನಾವು ಎಲ್ಲಿ ನಿಂತೆವು, ಎಷ್ಟು ಹೊತ್ತು ಒಂದು ಫೋಟೋ ನೋಡಿದೆವು ಎಂದೆಲ್ಲ ಬರೆದಿಟ್ಟುಕೊಳ್ಳುವಾಗ ನಾವು ಏನನ್ನೂ ಕೊಡುತ್ತಿಲ್ಲ. ಸುಮ್ನೆ ನಿಂತಿದ್ದೇವೆ, ನೋಡುತ್ತಿದ್ದೇವೆ. ಅದಕ್ಕೆ ‘ಕೊಟ್ಟವು’ ಎಂಬ ಹೆಸರು ಹೇಗೆ ಒಪ್ಪುತ್ತದೆ?

ಇಲ್ಲಿ ಪದದ ಚರಿತ್ರೆ ಒಂದು ಬೆರಗಿನ ಸಂಗತಿ ಹೇಳುತ್ತದೆ. ಇಂದಿನ ಟರ್ಕಿಯ ನೆಲದಲ್ಲಿ ಸುಮಾರು ಮೂರೂವರೆ ಸಾವಿರ ವರ್ಷದ ಹಿಂದೆ ಹಿಟೈಟ್ ಎಂಬ ಭಾಷೆ ಇತ್ತು. ಜೇಡಿಮಣ್ಣಿನ ಹಲಗೆಗಳ ಮೇಲೆ ಬರೆದದ್ದು. ಚೆಕ್ ವಿದ್ವಾಂಸ ಬೆದ್ರಿಚ್ ಹ್ರೋಜ್ನಿ 1915ರಲ್ಲಿ ಅದನ್ನು ಬಿಡಿಸಿ ಓದಿದ. ಲ್ಯಾಟಿನ್, ಸಂಸ್ಕೃತಗಳ ದೂರದ ನೆಂಟ ಭಾಷೆ ಅದು. ಅದರಲ್ಲೂ ‘ದಾ’ ಇದೆ. ಆದರೆ ಅಲ್ಲಿ ಅದರ ಅರ್ಥ ‘ತೆಗೆದುಕೋ’! ಬೇರು ಒಂದೇ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಫ್ರೆಂಚ್ ಭಾಷಾವಿಜ್ಞಾನಿ ಎಮಿಲ್ ಬೆನ್ವೆನಿಸ್ತ್ ಇದನ್ನು ಹೀಗೆ ಬಿಡಿಸಿದ: ಆ ಮೂಲ ಧಾತು ಕೈಯಿಂದ ಕೈಗೆ ದಾಟುವುದನ್ನು ಮಾತ್ರ ಹೇಳುತ್ತಿತ್ತು, ಕೊಟ್ಟದ್ದೋ ತಗೊಂಡದ್ದೋ ಎಂಬುದನ್ನು ಸುತ್ತಲಿನ ಮಾತು ತೀರ್ಮಾನಿಸುತ್ತಿತ್ತು. ಸಂಸ್ಕೃತದಲ್ಲಿ ಅದರ ಕುರುಹು ಇನ್ನೂ ಇದೆ. ‘ದಾನ’ ಎಂದರೆ ಕೊಡುವುದು. ಮೊದಲಿಗೆ ಒಂದು ‘ಆ’ ಸೇರಿಸಿದರೆ ‘ಆದಾನ’, ತೆಗೆದುಕೊಳ್ಳುವುದು.

ಕನ್ನಡದ ಬೇರು ಬೇರೆ, ನಮ್ಮದು ದ್ರಾವಿಡ ಭಾಷೆ. ಆದರೆ ಈ ವಿಷಯದಲ್ಲಿ ಕನ್ನಡದಷ್ಟು ಕಟ್ಟುನಿಟ್ಟಾದ ಭಾಷೆಯನ್ನು ನಾನು ಕಂಡಿಲ್ಲ. ನಮಗೆ ‘ಕೊಡು’ ಇದೆ, ‘ಕೊಳ್ಳು’ ಇದೆ, ಎರಡನ್ನೂ ಬೇರೆ ಕ್ರಿಯಾಪದದ ಬಾಲಕ್ಕೆ ಕಟ್ಟುತ್ತೇವೆ. ಯಾರೋ ಅಜ್ಜಿಗೆ ನಂಬರ್ ‘ಬರೆದುಕೊಟ್ಟರು’. ಅಂಗಡಿಯವರು ಅದೇ ನಂಬರ್ ‘ಬರೆದುಕೊಂಡರು’. ಬರೆದದ್ದು ಅದೇ ಹತ್ತು ಅಂಕಿ. ಯಾರ ಅನುಕೂಲಕ್ಕೆ ಬರೆದದ್ದು ಎಂಬುದನ್ನು ಹೇಳದೆ ಕನ್ನಡದ ಬಾಯಿ ಸುಮ್ಮನಿರುವುದಿಲ್ಲ. ಹೇಳಿಕೊಟ್ಟ, ಹೇಳಿಕೊಂಡ. ಮಾಡಿಕೊಟ್ಟ, ಮಾಡಿಕೊಂಡ. ಲ್ಯಾಟಿನ್ನಿನ ದತುಮ್ ಮುಚ್ಚಿಟ್ಟದ್ದನ್ನು ಈ ಪುಟ್ಟ ಬಾಲ ಬಯಲು ಮಾಡುತ್ತದೆ.

ಈಗ ಕಾನೂನಿಗೆ ಬರೋಣ. ಇದರ ಕಥೆಯಲ್ಲಿ ನಮ್ಮ ನಾಡಿನವರೊಬ್ಬರು ಮೊದಲ ಸಾಲಿನಲ್ಲಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದ ತೀರ್ಪು ಕೊಟ್ಟಿತು. ಅದರ ಬೆನ್ನಿಗೆ ಹಲವು ಕರಡುಗಳು ಬಂದು ಹೋದವು. ಕೊನೆಗೆ 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆಯಿತು. ನಿಯಮಗಳು ಹೊರಬಂದದ್ದು 2025ರ ನವೆಂಬರಿನಲ್ಲಿ. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಇದೆ. ಅಂದರೆ 2027ರ ಮೇ.

ಕಾಯ್ದೆಯ ಇಂಗ್ಲಿಷ್ ಪಠ್ಯದಲ್ಲಿ ನಮ್ಮ ಮಾಹಿತಿ ತಗೊಳ್ಳುವವರಿಗೆ ‘ಡೇಟಾ ಫಿಡುಷಿಯರಿ’ ಎಂಬ ಹೆಸರಿದೆ. ಫಿಡುಷಿಯರಿ ಕೂಡ ಲ್ಯಾಟಿನ್, ನಂಬಿಕೆ ಎಂಬ ಅರ್ಥದ ‘ಫಿದೂಕಿಯಾ’ದಿಂದ ಬಂದದ್ದು. ನಂಬಿ ಒಪ್ಪಿಸಿದ್ದನ್ನು ಕಾಯುವವನು. ಈ ಪದ ಆರಿಸಿದ್ದು ತುಂಬ ಒಳ್ಳೆಯದಾಯಿತು. ಯಾಕೆಂದರೆ ಕೊಡುವುದರಲ್ಲಿ ಎರಡು ಬಗೆ ಇದೆ ಎಂಬ ಹಳೆಯ ತಿಳಿವಳಿಕೆ ಇದರಲ್ಲಿದೆ.

ಸಂಸ್ಕೃತ ವೈಯಾಕರಣರು ಇದನ್ನು ಬಟ್ಟೆಯ ಉದಾಹರಣೆಯಿಂದ ತೋರಿಸಿದ್ದಾರೆ. ‘ಇವರಿಗೆ’ ಎನ್ನುವ ಚತುರ್ಥಿಯ ಕಾರಕಕ್ಕೆ ಸಂಪ್ರದಾನ ಎಂದು ಹೆಸರು, ಅದರೊಳಗೂ ಇದೇ ದಾ ಧಾತು. ಲ್ಯಾಟಿನ್ನಿನಲ್ಲೂ ಆ ವಿಭಕ್ತಿಯ ಹೆಸರು ‘ದತೀವುಸ್’, ಕೊಡುವುದಕ್ಕೆ ಸೇರಿದ್ದು. ಬ್ರಾಹ್ಮಣನಿಗೆ ಹಸು ಕೊಟ್ಟರೆ ಚತುರ್ಥಿ ಬರುತ್ತದೆ. ಆದರೆ ಮಡಿವಾಳನಿಗೆ ಬಟ್ಟೆ ಕೊಟ್ಟರೆ? ‘ರಜಕಸ್ಯ ವಸ್ತ್ರಂ ದದಾತಿ.’ ಅಲ್ಲಿ ಷಷ್ಠಿ. ಯಾಕೆ ಎಂದರೆ ಬಟ್ಟೆಯ ಮೇಲಿನ ಒಡೆತನ ಬಿಟ್ಟುಕೊಟ್ಟಿಲ್ಲ. ಒಗೆಯಲು ಕೊಟ್ಟದ್ದು, ವಾಪಸ್ ಬರಬೇಕಾದದ್ದು. ಪೂರ್ತಿ ಕೊಟ್ಟಾಗ ಮಾತ್ರ ಸಂಪ್ರದಾನ ಎಂಬುದು ಒಂದು ಪರಂಪರೆಯ ನಿಲುವು. ಎಲ್ಲ ವೈಯಾಕರಣರೂ ಇದನ್ನು ಒಪ್ಪಲಿಲ್ಲ, ಅದು ಬೇರೆ ಮಾತು.

ಡೇಟಾ ಕುರಿತ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನಂಬರ್ ಕೊಡುವ ನಾವು ಅದನ್ನು ಇಸ್ತ್ರಿಗೆ ಕೊಟ್ಟ ಅಂಗಿ ಎಂದುಕೊಂಡಿದ್ದೇವೆ. ತಗೊಂಡವರು ತಮಗೆ ಬಿಟ್ಟ ದತ್ತಿ ಎಂದುಕೊಂಡಿದ್ದಾರೆ. ಕಾಯ್ದೆ ಅಂಗಿಯ ಪಕ್ಷ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂದಕ್ಕೆ ತಗೊಳ್ಳುವುದೂ ಅಷ್ಟೇ ಸುಲಭ ಇರಬೇಕು ಎನ್ನುತ್ತದೆ. ಹಿಂದಕ್ಕೆ ತಗೊಂಡರೆ, ಬೇರೆ ಕಾನೂನು ಇಟ್ಟುಕೊಳ್ಳಲು ಹೇಳದಿದ್ದರೆ, ಅಳಿಸಬೇಕು ಎನ್ನುತ್ತದೆ.

ದತ್ತಿ ಎಂದೆ. ನಿಜವಾದ ದತ್ತಿ ಹೇಗಿರುತ್ತಿತ್ತು ಎಂದು ನೋಡಬೇಕಾದರೆ ನಮ್ಮ ಊರುಗಳ ಶಾಸನಗಳ ಮುಂದೆ ನಿಲ್ಲಬೇಕು. ಕೊಟ್ಟವರ ಹೆಸರು, ಪಡೆದವರ ಹೆಸರು, ಯಾವ ದಿನ, ಯಾತಕ್ಕೆ, ಎಷ್ಟು ಭೂಮಿ, ಮೂಡಲ ಗಡಿ ಯಾವುದು, ತೆಂಕಲ ಗಡಿ ಯಾವುದು. ಧಾರೆ ಎರೆದು ಕೊಟ್ಟದ್ದು ಎಂಬ ಮಾತು. ಕೊನೆಗೆ ಎಷ್ಟೋ ಶಾಸನಗಳಲ್ಲಿ ಬರುವ ಶ್ಲೋಕ: ‘ಸ್ವದತ್ತಾಂ ಪರದತ್ತಾಂ ವಾ ಯೋ ಹರೇತ ವಸುಂಧರಾಂ’. ತಾನು ಕೊಟ್ಟದ್ದನ್ನಾಗಲಿ ಬೇರೆಯವರು ಕೊಟ್ಟದ್ದನ್ನಾಗಲಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೊಲಸಿನ ಹುಳುವಾಗಿ ಹುಟ್ಟುತ್ತಾನೆ. ಈಗಿನ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿವರೆಗೆ. ನಾನು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ದಂಡಕ್ಕಾಗಿ ಅಲ್ಲ, ವಿವರಕ್ಕಾಗಿ. ಕಲ್ಲಿನಲ್ಲಿ ಕೊಟ್ಟವರೂ ಇದ್ದಾರೆ, ಗಡಿಯೂ ಇದೆ. ಆ್ಯಪಿನ ‘ಒಪ್ಪಿಗೆ’ ಗುಂಡಿಯ ಹಿಂದೆ ಎರಡೂ ಇರುವುದಿಲ್ಲ.

‘ಪುಕ್ಕಟೆ ಆ್ಯಪ್ ಕೊಡ್ತಾರೆ, ಅದಕ್ಕೆ ಡೇಟಾ ಕೊಡ್ತೀವಿ, ತಪ್ಪೇನು?’ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ರೋಮನ್ ಕಾನೂನಿನಲ್ಲಿ ಇದಕ್ಕೆ ‘ದೋ ಉತ್ ದೇಸ್’ ಎನ್ನುತ್ತಿದ್ದರು. ನೀನು ಕೊಡಲಿ ಎಂದು ನಾನು ಕೊಡುತ್ತೇನೆ. ಯಜುರ್ವೇದದಲ್ಲೂ ‘ದೇಹಿ ಮೇ ದದಾಮಿ ತೇ’ ಇದೆ. ಕೊಡುಕೊಳೆ ತಪ್ಪಲ್ಲ. ಆದರೆ ಏನು ಕೊಟ್ಟೆ ಎಂದು ಗೊತ್ತಿಲ್ಲದವನು ವ್ಯಾಪಾರ ಮಾಡಿದ ಹಾಗಾಗುವುದಿಲ್ಲ. ಕಾಯ್ದೆ ಒಂದು ಉದಾಹರಣೆ ಕೊಡುತ್ತದೆ. ಫೋನಿನಲ್ಲೇ ಡಾಕ್ಟರನ್ನು ಕಾಣಿಸುವ ಆ್ಯಪು ಚಿಕಿತ್ಸೆಗೆ ಬೇಕಾದ ಮಾಹಿತಿಯ ಜೊತೆಗೆ ನಿಮ್ಮ ಫೋನಿನ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳಿತು, ನೀವು ಎರಡಕ್ಕೂ ಹೂಂ ಎಂದಿರಿ. ಚಿಕಿತ್ಸೆಗೆ ಆ ಪಟ್ಟಿ ಬೇಕಿಲ್ಲ. ಹಾಗಾಗಿ ನೀವು ಒಪ್ಪಿದರೂ ಆ ಒಪ್ಪಿಗೆ ಚಿಕಿತ್ಸೆಗೆ ಬೇಕಾದಷ್ಟಕ್ಕೇ ನಿಲ್ಲುತ್ತದೆ.

ಬಲವಂತದಿಂದ ಪಡೆದದ್ದನ್ನು ಕೊಟ್ಟದ್ದು ಎನ್ನಬಹುದೇ ಎಂಬುದೂ ಹಳೆಯ ಪ್ರಶ್ನೆ. ಕ್ರಿ.ಶ. 303ರಲ್ಲಿ ರೋಮ್ ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರ ಧರ್ಮಗ್ರಂಥಗಳನ್ನು ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿದ. ಹೆದರಿ ಒಪ್ಪಿಸಿದವರನ್ನು ಅವರ ಜನರೇ ‘ತ್ರಾದಿತೋರೆಸ್’ ಎಂದು ಕರೆದರು. ದಾಟಿಸಿ ಕೊಟ್ಟವರು. ಅದರಲ್ಲೂ ಇದೇ ‘ದರೆ’ ಇದೆ. ಇಂಗ್ಲಿಷಿನ ದ್ರೋಹಿ, ‘ಟ್ರೇಟರ್’, ಇದೇ ಪದದಿಂದ ಬಂದದ್ದು. ಕತ್ತಿಗೆ ಹೆದರಿ ಕೊಟ್ಟ ಪಾದ್ರಿಗಳು ಆಮೇಲೆ ನೀಡಿದ ದೀಕ್ಷೆ ಸಲ್ಲುತ್ತದೋ ಇಲ್ಲವೋ ಎಂಬ ಜಗಳ ಉತ್ತರ ಆಫ್ರಿಕದ ಚರ್ಚಿನಲ್ಲಿ ನೂರು ವರ್ಷಕ್ಕೂ ಮೀರಿ ನಡೆಯಿತು. ಬಿಲ್ ಕೌಂಟರಿನಲ್ಲಿ ಕತ್ತಿ ಇಲ್ಲ, ನಿಜ. ‘ಸಿಸ್ಟಮ್ ತಗೊಳಲ್ಲ’ ಎಂಬ ಒಂದು ಮಾತು ಸಾಕಾಗುತ್ತದೆ. ಹೀಗೆ ನಂಬರಿಗೆ ಒತ್ತಾಯ ಮಾಡಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ತಿಳಿಸಿತ್ತು.

ಕಾಯ್ದೆಯಲ್ಲಿ ದೊಡ್ಡ ಬಿರುಕೂ ಇದೆ. ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣಕ್ಕೆ ತನ್ನ ಸಂಸ್ಥೆಗಳಿಗೆ ಪೂರ್ತಿ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರ ಇಟ್ಟುಕೊಂಡಿದೆ. ಪುಟ್ಟಸ್ವಾಮಿಯವರು ಪ್ರಶ್ನೆ ಎತ್ತಿದ್ದೇ ಸರ್ಕಾರದ ಯೋಜನೆಯ ವಿರುದ್ಧ. ಹಾಗಾಗಿ ಈ ವಿನಾಯಿತಿ ನನಗೆ ನೋವು ತರುತ್ತದೆ.

ಇನ್ನೊಂದು ಕಲಂ ಮಾತ್ರ ಕನ್ನಡಿಗರ ಕೈಗೆ ನೇರ ಕೆಲಸ ಕೊಡುತ್ತದೆ. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ನಮಗಿರಬೇಕು. ಆ ಪಟ್ಟಿಯಲ್ಲಿ ಕನ್ನಡ ಇದೆ. ಅಂದರೆ 2027ರ ಮೇ ಹೊತ್ತಿಗೆ ಸಾವಿರಾರು ನೋಟಿಸುಗಳು ಕನ್ನಡಕ್ಕೆ ಬರಬೇಕು. ಅವು ಹೇಗಿರುತ್ತವೆ ಎಂದು ಊಹಿಸಬಲ್ಲೆ. ‘ತಮ್ಮ ವೈಯಕ್ತಿಕ ದತ್ತಾಂಶವನ್ನು ಸಂಗ್ರಹಿಸಲಾಗುವುದು ಹಾಗೂ ಸಂಸ್ಕರಿಸಲಾಗುವುದು.’ ಮತ್ತೆ ಅದೇ ದತುಮ್, ಅದೇ ಕರ್ಮಣಿ. ಸಂಗ್ರಹಿಸುವವರು ಯಾರು? ವಾಕ್ಯದಲ್ಲಿ ಇಲ್ಲ.

ಈ ಅನುವಾದಗಳನ್ನು ಮಾಡಲಿರುವವರಲ್ಲಿ ಕೆಲವರಾದರೂ ಇದನ್ನು ಓದುತ್ತಿರಬಹುದು. ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಅಜ್ಜಿ ಓದುವ ಹಾಗೆ ಬರೆಯಿರಿ. ಡೈರಿಯ ಮೊದಲ ಪುಟದಲ್ಲಿದ್ದಂಥ ದಪ್ಪ ಅಕ್ಷರದಲ್ಲಿ, ಹೀಗೆ: ‘ನಿಮ್ಮ ಮೊಬೈಲ್ ನಂಬರನ್ನು ನಾವು ಬರೆದುಕೊಳ್ಳುತ್ತೇವೆ. ಬಿಲ್ ಕಳಿಸುವುದಕ್ಕೆ ಮಾತ್ರ. ಕೊಡದಿದ್ದರೂ ಬಟ್ಟೆ ಸಿಗುತ್ತದೆ. ಬೇಡ ಎಂದು ನೀವು ಹೇಳಿದ ದಿನ ಅಳಿಸುತ್ತೇವೆ.’